ಕಡಲ ಕಲ್ಲು, ಕೆಂಗೇರಿಯ ಕಲ್ಲು

ನಮ್ಮ ಶಾಲೆಯ ವಿಜ್ಞಾನದ ಬೀರುವಿನಲ್ಲಿ ಶಂಖ, ಚಿಪ್ಪು, ಬಣ್ಣದ ಬೆಣಚುಕಲ್ಲುಗಳಿದ್ದವು. ಮಲ್ಪೆಯ ಪ್ರವಾಸಕ್ಕೆ ಹೋದವರು ದಂಡೆಯಲ್ಲಿ ಆರಿಸಿ ತಂದವು. ಕೆಲವರು ಅವನ್ನು ಪಳೆಯುಳಿಕೆ ಎನ್ನುತ್ತಿದ್ದರು. ವೃಷಭಾವತಿಯ ದಂಡೆಯಲ್ಲಿ ಇಂಥವೇಕಿಲ್ಲವೆಂದು ನಾನು ಆಗಲೇ ಕೇಳಿದ್ದೆ. ಉತ್ತರ ತಿಳಿದದ್ದು ಬಹಳ ವರ್ಷಗಳ ಮೇಲೆ.

ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುವಾಗ ಉಕ್ಕಿದ ಲಾವಾ. ಅದು ಆರುತ್ತ ಕುಗ್ಗಿ, ಬಿರಿದು, ಐದಾರು ಮೂಲೆಯ ಕಂಬಗಳಾಯಿತು. ಬೆಂಕಿಯಿಂದ ಹುಟ್ಟಿದ ಕಲ್ಲಿನಲ್ಲಿ ಪಳೆಯುಳಿಕೆ ಹುಡುಕುವುದು ವ್ಯರ್ಥ. ದಂಡೆಯ ಚಿಪ್ಪುಗಳು ಈಚಿನವು. ಕಲ್ಲಾದ ಕಡಲಚಿಪ್ಪು ನೋಡಬೇಕಾದವರು ತಮಿಳುನಾಡಿನ ಅರಿಯಲೂರಿಗೆ ಹೋಗಬೇಕು. ಈಗ ಒಳನಾಡಾದ ಅಲ್ಲಿ ಒಂದು ಕಾಲಕ್ಕೆ ಸಮುದ್ರವಿತ್ತು. ಅಂದಹಾಗೆ, ದ್ವೀಪದ ಕಂಬಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಚೂರನ್ನೂ ಕಿತ್ತು ತರಬಾರದು.

ಇನ್ನು ನಮ್ಮ ನೆಲ. ಕೆಂಗೇರಿಯಿಂದ ರಾಜಾಜಿನಗರದವರೆಗೆ ಅಡಿಯಲ್ಲಿರುವುದು ಪಟ್ಟೆಪಟ್ಟೆಯ ನೈಸ್ ಶಿಲೆ. ಇದಕ್ಕೆ 'ಪೆನಿನ್ಸುಲಾರ್ ನೈಸ್' ಎಂದು 1916ರಲ್ಲಿ ಹೆಸರಿಟ್ಟವರು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸ್ಮೀತ್. ಲಾಲ್‌ಬಾಗ್ ಬಂಡೆಯೂ ಇದೇ, ವಯಸ್ಸು ಸುಮಾರು 300 ಕೋಟಿ ವರ್ಷ. ಚಿಪ್ಪಿನ ಪ್ರಾಣಿಗಳು ಬಂದದ್ದು 55 ಕೋಟಿ ವರ್ಷಗಳಿಂದೀಚೆಗೆ. ಹಾಗಿರುವಾಗ ಇಲ್ಲಿ ಅವುಗಳ ಅಚ್ಚು ಎಲ್ಲಿಂದ ಬರಬೇಕು? ಪಶ್ಚಿಮಕ್ಕೆ ರಾಮನಗರದ ಬೆಟ್ಟಗಳು ಬೇರೆ ಜಾತಿ; ಊರಿನ ಹಳೆಯ ಹೆಸರಿನಿಂದಲೇ ಅದು 'ಕ್ಲೋಸ್‌ಪೇಟೆ ಗ್ರಾನೈಟು'.

ಯಾರೂ ಬೀರುವಿನಲ್ಲಿಡದ ಈ ಕಲ್ಲನ್ನು ನಾವು ಒಡೆದು ಮನೆ ಕಟ್ಟಿದೆವು, ರಸ್ತೆಗೆ ಜಲ್ಲಿ ಹಾಕಿದೆವು. ಶಾಲೆಯ ಅಡಿಪಾಯದ ಸೈಜುಗಲ್ಲು ಯಾವ ಗುಡ್ಡದ್ದೆಂದು ಬಲ್ಲ ಹಿರಿಯರು ಊರಲ್ಲಿ ಇನ್ನೂ ಕೆಲವರಿದ್ದಾರೆ. ಅವರನ್ನು ಕೇಳಿ ಬರೆದಿಡುವ ಕೆಲಸ ಈ ವರ್ಷವೇ ಆಗಬೇಕು.