ಲೆಕ್ಕಕ್ಕೆ ಸಿಕ್ಕ ಗಾಳಿ

ಗಾಳಿ ಹೇಗೆ ಹರಿಯುತ್ತದೆ ಎಂದು ಹೇಳುವ ಸಮೀಕರಣಗಳು ವಿಮಾನಕ್ಕಿಂತ ಹಳೆಯವು. ನೇವಿಯರ್ ಮತ್ತು ಸ್ಟೋಕ್ಸ್ ಅವನ್ನು 19ನೇ ಶತಮಾನದ ಮೊದಲರ್ಧದಲ್ಲೇ ಬರೆದಿಟ್ಟಿದ್ದರು. ಆದರೆ ಇಡೀ ವಿಮಾನಕ್ಕೆ ಅವನ್ನು ಕೈಯಲ್ಲಿ ಬಿಡಿಸುವುದು ಆಗದ ಮಾತು. ಪುಟ್ಟ ಮಾದರಿಯನ್ನು ವಿಂಡ್ ಟನಲ್‌ನಲ್ಲಿಟ್ಟು ಬಲಗಳನ್ನು ಅಳೆಯುವುದೇ ದಾರಿಯಾಗಿತ್ತು.

ಕಂಪ್ಯೂಟರ್ ಬಂದ ಮೇಲೆ ಗಾಳಿಯನ್ನು ಸಣ್ಣ ಸಣ್ಣ ಕೋಶಗಳಾಗಿ ವಿಂಗಡಿಸಿ, ಒಂದೊಂದರಲ್ಲೂ ಒತ್ತಡ, ವೇಗಗಳನ್ನು ಲೆಕ್ಕ ಹಾಕುವ ವಿಧಾನ ಬೆಳೆಯಿತು. ಇದೇ ಸಿಎಫ್‌ಡಿ (ಕಂಪ್ಯುಟೇಷನಲ್ ಫ್ಲೂಯಿಡ್ ಡೈನಮಿಕ್ಸ್). ಶಬ್ದದ ವೇಗದ ಆಸುಪಾಸಿನಲ್ಲಿ ರೆಕ್ಕೆಯ ಮೇಲೆ ಮೂಡುವ ಆಘಾತ ತರಂಗವನ್ನು ಮುರ್ಮನ್ ಮತ್ತು ಕೋಲ್ 1971ರಲ್ಲಿ ಲೆಕ್ಕದಲ್ಲಿ ಹಿಡಿದರು. ಆಂಟನಿ ಜೇಮ್ಸನ್ ಅದನ್ನು ಇಡೀ ರೆಕ್ಕೆಗೆ ಒಯ್ದರು.

ಈ ವಿದ್ಯೆ ಏಕೆ ಬೇಕು ಎಂಬುದಕ್ಕೆ 1981ರ ಏಪ್ರಿಲ್‌ನಲ್ಲಿ ನಡೆದದ್ದೇ ಸಾಕ್ಷಿ. ಮೊದಲ ಯಾನ ಮುಗಿಸಿ ವಾತಾವರಣಕ್ಕೆ ಮರಳುತ್ತಿದ್ದ ಕೊಲಂಬಿಯಾ ಬಾಹ್ಯಾಕಾಶ ನೌಕೆಯ ಮೂತಿ ಅಂದಾಜಿಗಿಂತ ಹೆಚ್ಚು ಬಲವಾಗಿ ಮೇಲೇಳತೊಡಗಿತು. ಅದನ್ನು ತಗ್ಗಿಸಲು ಹಿಂಭಾಗದ ಫ್ಲ್ಯಾಪ್ ಎಣಿಸಿದ್ದಕ್ಕಿಂತ ಸುಮಾರು ಎರಡು ಪಟ್ಟು ಕೆಳಗೆ ಬಾಗಬೇಕಾಯಿತು. ಅಷ್ಟು ಕಾವಿನಲ್ಲಿ ಗಾಳಿಯ ಅಣುಗಳೇ ಒಡೆಯುತ್ತವೆ, ಒತ್ತಡದ ಹಂಚಿಕೆ ಬದಲಾಗುತ್ತದೆ. ಆ ಸ್ಥಿತಿಯನ್ನು ಟನಲ್‌ನಲ್ಲಿ ತರಲು ಆಗಿರಲಿಲ್ಲ. ಮುಂದೆ ಈ ರಸಾಯನಕ್ರಿಯೆಯನ್ನೂ ಸೇರಿಸಿ ಮಾಡಿದ ಲೆಕ್ಕಗಳು ಕಾರಣವನ್ನು ತೋರಿಸಿಕೊಟ್ಟವು. ಕಂಪ್ಯೂಟರ್ ಎಷ್ಟೇ ದೊಡ್ಡದಿರಲಿ, ನಾವು ಬಿಟ್ಟ ಭೌತಶಾಸ್ತ್ರವನ್ನು ಅದು ತಾನಾಗಿ ಸೇರಿಸಿಕೊಳ್ಳುವುದಿಲ್ಲ.

ಲೆಕ್ಕ ಪಳಗಿದಂತೆ ಟನಲ್‌ನ ಕೆಲಸ ತಗ್ಗಿತು. ಬೋಯಿಂಗ್ 767ಕ್ಕಾಗಿ 77 ರೆಕ್ಕೆ ಮಾದರಿಗಳನ್ನು ಟನಲ್‌ನಲ್ಲಿ ಪರೀಕ್ಷಿಸಿದ್ದ ಕಂಪನಿಗೆ 787ರ ವೇಳೆಗೆ 11 ಸಾಕಾದವು. ಇಷ್ಟಾದರೂ ಪ್ರಕ್ಷುಬ್ಧ ಹರಿವು ಪೂರ್ತಿ ಕೈಗೆ ಸಿಕ್ಕಿಲ್ಲ. ಅದರ ಸುಳಿಗಳು ಮೀಟರಿನಿಂದ ಮಿಲಿಮೀಟರಿನ ಅಂಶದವರೆಗೂ ಇರುತ್ತವೆ. ಒಂದನ್ನೂ ಬಿಡದೆ ಇಡೀ ವಿಮಾನಕ್ಕೆ ಲೆಕ್ಕ ಹಾಕಲು 2080 ಆಗಬಹುದೆಂದು ಫಿಲಿಪ್ ಸ್ಪಲಾರ್ಟ್ 2000ದಲ್ಲಿ ಅಂದಾಜಿಸಿದ್ದರು. ಅಲ್ಲಿಯವರೆಗೆ ಸಣ್ಣ ಸುಳಿಗಳಿಗೆ ಅಂದಾಜು ಸೂತ್ರಗಳೇ ಗತಿ. ಈ ಮಿತಿಯಲ್ಲೇ, ಸೆಕೆಂಡಿಗೆ ಒಂದರ ಮುಂದೆ 18 ಸೊನ್ನೆಗಳಷ್ಟು ಲೆಕ್ಕ ಮಾಡುವ ಫ್ರಾಂಟಿಯರ್ ಯಂತ್ರದಲ್ಲಿ ನಾಸಾ ಮಂಗಳನ ಮೇಲೆ ಭಾರದ ನೌಕೆ ಇಳಿಸುವ ಬಗೆಯನ್ನು ಪರೀಕ್ಷಿಸಿದೆ. ಅಲ್ಲಿನ ತೆಳು ಗಾಳಿಯಲ್ಲಿ ಅಷ್ಟು ಭಾರವನ್ನು ಪ್ಯಾರಾಚೂಟ್ ತಡೆಯದು, ಎದುರುಮುಖವಾಗಿ ಎಂಜಿನ್ ಉರಿಸಿಯೇ ವೇಗ ತಗ್ಗಿಸಬೇಕು.

ಇನ್ನು ನಮ್ಮ ಬೆಂಗಳೂರಿನ ಮಾತು. ದೊಡ್ಡ ಯಂತ್ರಗಳು ಬೇಕೆಂದಾಗ ಸಿಗದಿದ್ದ ಕಾಲದಲ್ಲಿ, ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ (ಎನ್‌ಎಎಲ್), ಸಾಮಾನ್ಯ ಮೈಕ್ರೊಪ್ರೊಸೆಸರ್‌ಗಳನ್ನು ಜೋಡಿಸಿ 1986ರಲ್ಲಿ ಫ್ಲೋಸಾಲ್ವರ್ ಕಟ್ಟಿತು. ದೇಶದ ಮೊದಲ ಸಮಾಂತರ ಕಂಪ್ಯೂಟರ್ ಹುಟ್ಟಿದ್ದೇ ಗಾಳಿಯ ಲೆಕ್ಕಕ್ಕಾಗಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್.ಎಂ. ದೇಶಪಾಂಡೆ ಅವರು ಗಾಳಿಯನ್ನು ಅಣುಗಳ ಗುಂಪಾಗಿ ಕಂಡು, ಕೋಶದ ಗಡಿಗೆ ಎಡದಿಂದ ಬರುವ ಅಣುಗಳನ್ನೂ ಬಲದಿಂದ ಬರುವ ಅಣುಗಳನ್ನೂ ಬೇರೆಬೇರೆಯಾಗಿ ಲೆಕ್ಕಕ್ಕೆ ತಂದರು. ಮುಂದೆ ಕೋಶಗಳ ಗ್ರಿಡ್ಡೇ ಬೇಡದ, ಬರೀ ಬಿಂದುಗಳ ಮೇಲೆ ನಡೆಯುವ ವಿಧಾನವೂ ಇದೇ ಬಳಗದಿಂದ ಬಂತು. 2011ರಲ್ಲಿ ಇಸ್ರೊ ತಿರುವನಂತಪುರದಲ್ಲಿ 220 ಟೆರಾಫ್ಲಾಪ್‌ನ (ಸೆಕೆಂಡಿಗೆ 220 ಲಕ್ಷ ಕೋಟಿ ಲೆಕ್ಕಗಳ) ಸಾಗಾ ಯಂತ್ರವನ್ನು ನೆಲೆಗೊಳಿಸಿತು. ಯಂತ್ರಗಳನ್ನು ಹಣ ಕೊಟ್ಟು ತರಬಹುದು, ತಿಳಿವನ್ನಲ್ಲ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳು ಸಿದ್ಧ ಸಾಫ್ಟ್‌ವೇರ್ ಬಳಸುವುದನ್ನು ಮಾತ್ರ ಕಲಿಸಿ ನಿಲ್ಲದೆ, ಅದರೊಳಗಿನ ಗಣಿತವನ್ನೂ ಮಕ್ಕಳ ಕೈಯಲ್ಲಿ ಬರೆಸಲಿ.