ನರಿ, ನಾಟಿಕೋಳಿ ಮತ್ತು ಮಂಕರಿ

ನಮ್ಮ ಕಡೆ ಯಾರಿಗಾದರೂ ಅದೃಷ್ಟ ಖುಲಾಯಿಸಿದರೆ "ನರಿ ಮುಖ ನೋಡಿ ಎದ್ದಿದ್ದಾನೆ" ಅಂತಾರೆ. ಅದೇ ನರಿ ಹಿತ್ತಲಿಗೆ ಬಂದು ಕೋಳಿ ಎತ್ತಿಕೊಂಡು ಹೋದರೆ ಅದರ ವಂಶಕ್ಕೇ ಶಾಪ! ಕೊರಟಗೆರೆ ತಾಲೂಕಿನ ಕೊಳಾಲದಿಂದ ಹಿಡಿದು ಪಾವಗಡದವರೆಗೆ ಈ ಜಗಳ ಬಹಳ ಹಳೆಯದು.

ನಾವು ನರಿ ಅನ್ನುವ ಹೆಸರಿನಲ್ಲಿ ಎರಡು ಪ್ರಾಣಿಗಳಿವೆ. ರಾತ್ರಿ ಗುಂಪಾಗಿ ಊಳಿಡುವ, ಎಂಟು-ಹತ್ತು ಕೆಜಿ ತೂಗುವ ದೊಡ್ಡ ನರಿ ಒಂದು. ಬಯಲಲ್ಲಿ ಬಿಲ ತೋಡಿಕೊಂಡಿರುವ, ಮೂರು ಕೆಜಿ ಆಸುಪಾಸಿನ, ಬಾಲದ ತುದಿ ಕಪ್ಪಗಿರುವ ಸಣ್ಣ ನರಿ ಇನ್ನೊಂದು. 1867ರಲ್ಲಿ ಭಾರತದ ಸಸ್ತನಿಗಳ ಬಗ್ಗೆ ಪುಸ್ತಕ ಬರೆದ ಜೆರ್ಡನ್ ಈ ಸಣ್ಣದರ ಕನ್ನಡ ಹೆಸರನ್ನು 'ಕೆಂಪು ನರಿ' ಅಂತ ದಾಖಲಿಸಿದ್ದಾನೆ. ತೆಲುಗಿನವರಿಗೆ ಇದು ಗುಂಟನಕ್ಕ. ಇದರ ಊಟದಲ್ಲಿ ಹೆಚ್ಚಿನದು ಇಲಿ, ಗೆದ್ದಲು, ಮಿಡತೆ, ಎಲಚಿಹಣ್ಣು. ಕೋಳಿ ಸಿಕ್ಕರೆ ಹಬ್ಬ, ಅಷ್ಟೇ. ಕಡ್ಲೆಕಾಯಿ ಬೆಳೆಯುವ ನಮ್ಮ ಸೀಮೆಯಲ್ಲಿ ಇಲಿ ತಿನ್ನುವವನು ಯಾರ ಕಡೆಯವನು, ನೀವೇ ಹೇಳಿ.

ಬ್ರಿಟಿಷರ ಕಾಲದಲ್ಲಿ ಹುಲಿ, ಚಿರತೆ, ತೋಳ ಕೊಂದವರಿಗೆ ಸರ್ಕಾರವೇ ಇನಾಮು ಕೊಡುತ್ತಿತ್ತು. ಊಟಿಯಲ್ಲಿ ದೊರೆಗಳು ಕುದುರೆ ಹತ್ತಿ, ನಾಯಿಹಿಂಡು ಬಿಟ್ಟು ನರಿ ಬೆನ್ನಟ್ಟುತ್ತಿದ್ದರು. ಅವರದೇ ಇಂಗ್ಲೆಂಡಿನಲ್ಲಿ 2004ರ ಕಾಯ್ದೆ ಆ ಆಟವನ್ನು ನಿಷೇಧಿಸಿತು.

ನಮ್ಮ ಅಜ್ಜಿಯಂದಿರ ದಾರಿಯೇ ಬೇರೆ. ಹೊತ್ತು ಮುಳುಗುವ ಮುಂಚೆ ಕೋಳಿಗಳನ್ನು ಬಾ ಬಾ ಅಂತ ಕರೆದು, ಮಂಕರಿ ಮುಚ್ಚಿ, ಮೇಲೊಂದು ಕಲ್ಲು ಹೇರುವುದು. ಹೊರಗೇ ಉಳಿದ ನಾಟಿಕೋಳಿ ಕಾಡುಕೋಳಿಯ ವಂಶದ್ದಲ್ಲವೇ, ಮರ ಹತ್ತಿ ಮಲಗುತ್ತಿತ್ತು. 1989ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ ಬಂದ ಗಿರಿರಾಜ ತಳಿ ಹಿತ್ತಲಿಗೆ ಚೆನ್ನಾಗಿಯೇ ಹೊಂದಿಕೊಂಡಿತು. ಆದರೆ ಆ ಮೈಭಾರ ಹೊತ್ತು ನಾಟಿಯಷ್ಟು ಸಲೀಸಾಗಿ ಕೊಂಬೆಗೆ ಹಾರುವುದು ಕಷ್ಟ.

ಹೊಲಕ್ಕೆ ಎಂಡ್ರಿನ್‌ನಂಥ ಔಷಧಿಗಳು ಬಂದಮೇಲೆ ವಿಷ ಕೈಗೆಟುಕುವ ವಸ್ತುವಾಯಿತು. ಕೊಳಾಲದ ಕಡೆಯ ನಮ್ಮ ನೆಂಟರಿಗೂ ಈಚೆಗೆ ಯಾರೋ ಮಾಂಸಕ್ಕೆ ವಿಷ ಬೆರೆಸಿ ಇಡಿ ಅಂದರಂತೆ. ನಾನು ಬೇಡವೇ ಬೇಡ ಅಂದೆ. ಆ ಮಾಂಸ ನರಿಗೇ ಸಿಗುತ್ತದೆ ಅಂತ ಏನು ಗ್ಯಾರಂಟಿ? ಮನೆ ನಾಯಿ ತಿನ್ನಬಹುದು, ಕಾಗೆ-ಹದ್ದು ತಿನ್ನಬಹುದು. ಜೊತೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎರಡೂ ನರಿಗಳಿಗೆ ರಕ್ಷಣೆ ಕೊಟ್ಟಿದೆ. ವಿಷ, ಉರುಳು ಎರಡೂ ಅಪರಾಧ.

ಅದಕ್ಕಿಂತ ಮೊದಲು ಕಳ್ಳ ಯಾರೆಂದು ನೋಡಬೇಕು. ಹಾಡಹಗಲೇ ಕೋಳಿ ಹೋದರೆ ಮುಂಗುಸಿ ಅಥವಾ ಬೀದಿನಾಯಿ ಮೇಲೆ ಅನುಮಾನ ಪಡಿ. ರಾತ್ರಿಯಾದರೆ ಸಣ್ಣ ಕಣ್ಣಿನ ತಂತಿಬಲೆಯ ಗೂಡು ಕಟ್ಟಿ, ಬಲೆಯನ್ನು ನೆಲದೊಳಗೆ ಒಂದಡಿ ಹೂತು, ಬಾಗಿಲಿಗೆ ಗಟ್ಟಿ ಚಿಲಕ ಹಾಕಿ. ಸಂಜೆ ಮುಚ್ಚೋದು ಮಾತ್ರ ಮರೀಬೇಡಿ. ಚಿಲಕ ಎಷ್ಟು ಗಟ್ಟಿಯಿದ್ದರೂ ಹಾಕುವವರು ಬೇಕಲ್ಲ!

ನರಿಗೂ ಈಗ ಜಾಗವಿಲ್ಲ. ಪಾವಗಡದಲ್ಲಿ 13,000 ಎಕರೆ ಸೋಲಾರ್ ಪಾರ್ಕ್ ಆಯಿತು. ಮಧುಗಿರಿಯ ಮೈದನಹಳ್ಳಿಯಲ್ಲಿ 2007ರಲ್ಲಿ ಕೃಷ್ಣಮೃಗಕ್ಕೆಂದು ಕಾಯ್ದಿಟ್ಟ 798 ಎಕರೆ ಹುಲ್ಲುಗಾವಲಿನಂಥ ಕಡೆ ಕೆಂಪು ನರಿ ಇನ್ನೂ ಕಾಣಸಿಗುತ್ತದೆ. ಅಲ್ಲೂ ಇಲ್ಲವಾದರೆ ಅದೃಷ್ಟಕ್ಕೆ ಯಾರ ಮುಖ ನೋಡೋಣ?

ಅಂದಹಾಗೆ, ಕೋಳಿ ಮುಚ್ಚುವ ಬುಟ್ಟಿಗೆ ನಿಮ್ಮೂರಲ್ಲಿ ಏನಂತಾರೆ? ಹೇಳಿ, ಪದ ಕಳೆದುಹೋಗುವ ಮುಂಚೆ ಬರೆದಿಟ್ಟುಕೊಳ್ಳೋಣ.