ಐರಾವತ ಮತ್ತು ವಜ್ರಘೋಷ: ಜೈನ ಪರಂಪರೆಯಲ್ಲಿ ಆನೆಯ ಸ್ಥಾನ

ಬಸದಿಗೆ ಬಂದ ಮಕ್ಕಳಿಗೆ ತೀರ್ಥಂಕರರನ್ನು ಗುರುತಿಸಲು ಕಲಿಸುವ ಹಿರಿಯರು ಮೊದಲು ಪೀಠವನ್ನು ತೋರಿಸುತ್ತಾರೆ. ಬಿಂಬಗಳು ಬಹುಪಾಲು ಒಂದೇ ವೀತರಾಗ ಮುದ್ರೆಯಲ್ಲಿರುವುದರಿಂದ ಭೇದವನ್ನು ತಿಳಿಯಬೇಕಾದುದು ಲಾಂಛನದಿಂದ. ವೃಷಭವಿದ್ದರೆ ಆದಿನಾಥರು, ಶಂಖವಿದ್ದರೆ ನೇಮಿನಾಥರು, ಸಿಂಹವಿದ್ದರೆ ಮಹಾವೀರರು. ಆನೆಯಿದ್ದರೆ ಎರಡನೆಯ ತೀರ್ಥಂಕರರಾದ ಅಜಿತನಾಥರು. ಈ ಅಜಿತನಾಥರ ಚರಿತೆಯನ್ನು ಕನ್ನಡದಲ್ಲಿ ಮಹಾಕಾವ್ಯವಾಗಿ ರಚಿಸಿದ ಕವಿ ನಮ್ಮ ಮುಧೋಳದವನೇ ಎಂಬುದು ಈ ಸೀಮೆಯ ಶ್ರಾವಕರಿಗೆಲ್ಲ ಹೆಮ್ಮೆಯ ಸಂಗತಿ. ಬಳೆಗಾರರ ಕುಲದಲ್ಲಿ ಹುಟ್ಟಿದ ರನ್ನನು ದಾನಚಿಂತಾಮಣಿ ಅತ್ತಿಮಬ್ಬೆಯ ಆಶ್ರಯದಲ್ಲಿ ಕ್ರಿ.ಶ. 993ರಲ್ಲಿ 'ಅಜಿತಪುರಾಣ'ವನ್ನು ಮುಗಿಸಿದನು. ಗಜಲಾಂಛನದ ಜಿನನ ಕಥೆ ಹೀಗೆ ಘಟಪ್ರಭೆಯ ದಂಡೆಯ ವ್ಯಾಪಾರಿಯ ಮನೆಯೊಂದರ ಮಗನಿಂದ ಕನ್ನಡಕ್ಕೆ ಬಂದಿತು.

ಆನೆಯ ವಿಷಯವನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. 2025ರ ಜುಲೈ ತಿಂಗಳಲ್ಲಿ ಕೊಲ್ಹಾಪುರ ಜಿಲ್ಲೆಯ ನಾಂದಣಿ ಮಠದ ಆನೆ ಮಹಾದೇವಿಯನ್ನು ನ್ಯಾಯಾಲಯದ ಆದೇಶದಂತೆ ಗುಜರಾತಿಗೆ ಕಳುಹಿಸಿದಾಗ ಗಡಿಯ ಈಚೆಗೂ ಅನೇಕ ಮನೆಗಳಲ್ಲಿ ಜನ ಕಣ್ಣೀರಿಟ್ಟರು. ಆ ದುಃಖದ ನಡುವೆ ನನ್ನನ್ನು ಒಂದು ಪ್ರಶ್ನೆ ಬಿಡದೆ ಕಾಡಿತು. ನಮ್ಮ ಪುರಾಣಗಳೂ ಶ್ರಾವಕಾಚಾರಗಳೂ ಆನೆಯ ಬಗ್ಗೆ ನಿಜವಾಗಿ ಏನು ಹೇಳುತ್ತವೆ? ಓದಿದಷ್ಟರಿಂದ ತಿಳಿದುದನ್ನು ಇಲ್ಲಿ ಬರೆದಿದ್ದೇನೆ.

ವೈಭವದ ಆನೆ

ದಿಗಂಬರ ಸಂಪ್ರದಾಯದಂತೆ ತೀರ್ಥಂಕರರ ಮಾತೆಯು ಕಾಣುವ 16 ಸ್ವಪ್ನಗಳಲ್ಲಿ ಮೊದಲನೆಯದು ಶ್ವೇತಗಜ. ನಾಲ್ಕನೆಯ ಸ್ವಪ್ನದಲ್ಲಿ ಲಕ್ಷ್ಮಿಗೆ ಆನೆಗಳು ಕಲಶಾಭಿಷೇಕ ಮಾಡುತ್ತವೆ. ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಏರುವಾಗ ಅಖಂಡ ಬಾಗಿಲಿನ ಮೇಲೆ ಕಾಣುವ ಗಜಲಕ್ಷ್ಮಿಯೂ ಇದೇ ಭಾವದ ಶಿಲ್ಪ. ಜನ್ಮಕಲ್ಯಾಣದಲ್ಲಿ ಸೌಧರ್ಮೇಂದ್ರನು ಶಚಿಯೊಡನೆ ಐರಾವತವನ್ನೇರಿ ಬಂದು ಜಿನಶಿಶುವನ್ನು ಮೇರುವಿನ ಪಾಂಡುಕ ಶಿಲೆಗೆ ಒಯ್ಯುತ್ತಾನೆ. ಐರಾವತದ ದಂತಗಳ ಮೇಲೆ ಸರೋವರಗಳು, ಅವುಗಳಲ್ಲಿ ತಾವರೆಗಳು, ತಾವರೆಯ ಎಸಳುಗಳ ಮೇಲೆ ನರ್ತಿಸುವ ಅಪ್ಸರೆಯರು ಎಂದು ಪುರಾಣಕಾರರು ವರ್ಣಿಸಿ ದಣಿಯುವುದಿಲ್ಲ.

ಶಿಲ್ಪದಲ್ಲಿಯೂ ಈ ವೈಭವವನ್ನು ಕಾಣಬಹುದು. ನಮ್ಮ ಜಿಲ್ಲೆಯ ಪಟ್ಟದಕಲ್ಲಿನಲ್ಲಿ ರಾಷ್ಟ್ರಕೂಟರ ಕಾಲದ ಜೈನ ಬಸದಿಯ ದ್ವಾರದ ಬಳಿ ಸವಾರರನ್ನು ಹೊತ್ತ ದೊಡ್ಡ ಆನೆಗಳಿವೆ. ಎಲ್ಲೋರದ 32ನೆಯ ಗುಹೆಯ ಅಂಗಳದಲ್ಲಿ ಬಂಡೆಯಿಂದಲೇ ಕಡೆದ ಆನೆಯೊಂದು ನಿಂತಿದೆ, ಅದೇ ಅಂಗಳದಲ್ಲಿ ಮಾನಸ್ತಂಭವೂ ಇದೆ. ಜೈನಧರ್ಮದ ಪೋಷಕರಾದ ತಲಕಾಡಿನ ಗಂಗರಿಗೆ ಮದಗಜವೇ ರಾಜಲಾಂಛನವಾಗಿತ್ತು.

ಅನ್ಯ ಧರ್ಮಗಳಲ್ಲಿ, ಅನ್ಯ ದೇಶಗಳಲ್ಲಿ ಕೂಡ ಆನೆಯ ಅರ್ಥ ಹೆಚ್ಚು ಭಿನ್ನವಾಗಿಲ್ಲ. ಬುದ್ಧನ ತಾಯಿ ಮಾಯಾದೇವಿಯ ಕನಸಿನಲ್ಲಿಯೂ ಬಿಳಿಯ ಆನೆಯೇ ಬರುತ್ತದೆ, ಭರಹುತದ ಸ್ತೂಪದ ಶಿಲ್ಪದಲ್ಲಿ ಅದು ಮೂಡಿದೆ. ವೈದಿಕ ಪರಂಪರೆಯಲ್ಲಿ ಗಜಮುಖನು ವಿಘ್ನಹರ್ತನಾದನು. ಸಯಾಮಿನ ಅರಸರು ಬಿಳಿಯಾನೆಯನ್ನು ರಾಜ್ಯದ ಭಾಗ್ಯವೆಂದು ಭಾವಿಸಿ 20ನೆಯ ಶತಮಾನದ ಆರಂಭದವರೆಗೆ ತಮ್ಮ ಧ್ವಜದಲ್ಲಿಯೇ ಇರಿಸಿದ್ದರು. ಆನೆ ಹುಟ್ಟದ ಡೆನ್ಮಾರ್ಕ್ ದೇಶದಲ್ಲಿಯೂ ಅತ್ಯುನ್ನತ ರಾಜಗೌರವಕ್ಕೆ ಆನೆಯ ಹೆಸರೇ ಇದೆ. ಬಲ, ಗಾಂಭೀರ್ಯ, ಪ್ರಭುತ್ವ, ಶುಭ ಇವುಗಳಿಗೆ ಮನುಷ್ಯನು ಎಲ್ಲೆಡೆಯೂ ಆನೆಯ ರೂಪವನ್ನು ಕೊಟ್ಟಿದ್ದಾನೆ.

ಆದರೆ ಜೈನಾಗಮವು ಇಲ್ಲಿ ಒಂದು ಸೂಕ್ಷ್ಮವನ್ನು ಹೇಳುತ್ತದೆ. ಸ್ವರ್ಗದಲ್ಲಿ ತಿರ್ಯಂಚ ಜೀವಿಗಳಿಲ್ಲ. ಇಂದ್ರನ ಐರಾವತವು ಪ್ರಾಣಿಯಲ್ಲ, ಆಭಿಯೋಗ್ಯ ಜಾತಿಯ ದೇವನು ವಿಕ್ರಿಯೆಯಿಂದ ತಾಳಿದ ರೂಪ. ಮೇರುವಿಗೆ ಹೋದ ಆ ಮೆರವಣಿಗೆಯಲ್ಲಿ ಬೆನ್ನು ನೊಂದ ಒಂದು ಮೂಕಜೀವಿಯೂ ಇರಲಿಲ್ಲ. ಇದನ್ನು ನಾವು ಮರೆಯಬಾರದು.

ವ್ರತ ಹಿಡಿದ ಆನೆ

ನಮ್ಮ ವಾಙ್ಮಯದಲ್ಲಿ ಇನ್ನೊಂದು ಆನೆಯಿದೆ. ಗುಣಭದ್ರಾಚಾರ್ಯರ 'ಉತ್ತರಪುರಾಣ'ವು 9ನೆಯ ಶತಮಾನದ ಕೊನೆಯಲ್ಲಿ ಇಂದಿನ ಹಾವೇರಿ ಜಿಲ್ಲೆಯ ಬಂಕಾಪುರದಲ್ಲಿ ಪೂಜೆಗೊಂಡ ಗ್ರಂಥ. ಅದರಲ್ಲಿ ಪಾರ್ಶ್ವನಾಥರ ಪೂರ್ವಭವಗಳ ಕಥೆ ಬರುತ್ತದೆ. ಮರುಭೂತಿಯು ಅಣ್ಣನಾದ ಕಮಠನಿಂದ ಹತನಾಗಿ ವಜ್ರಘೋಷವೆಂಬ ಕಾಡಾನೆಯಾಗಿ ಹುಟ್ಟುತ್ತಾನೆ. ಅವನ ಅರಸನಾಗಿದ್ದ ಅರವಿಂದನು ಮುನಿಯಾಗಿ ಆ ಕಾಡಿಗೆ ಬರುತ್ತಾನೆ. ಮದವೇರಿ ನುಗ್ಗಿದ ಆನೆ ಧ್ಯಾನಸ್ಥ ಮುನಿಯ ಎದೆಯ ಶ್ರೀವತ್ಸವನ್ನು ಕಂಡು ಪೂರ್ವಸ್ಮರಣೆಯಿಂದ ಶಾಂತವಾಗಿ ನಿಲ್ಲುತ್ತದೆ, ಧರ್ಮೋಪದೇಶವನ್ನು ಕೇಳಿ ಶ್ರಾವಕವ್ರತಗಳನ್ನು ಸ್ವೀಕರಿಸುತ್ತದೆ. ಅಂದಿನಿಂದ ಅದು ಹಸಿರು ಕೊಂಬೆಯನ್ನು ಮುರಿಯಲಿಲ್ಲ. ಬೇರೆ ಆನೆಗಳು ಮುರಿದು ಬಿಟ್ಟ ಒಣಗಿದ ಎಲೆಗಳನ್ನು ತಿಂದಿತು, ಅವು ಕಲಕಿ ಹೋದ ನೀರನ್ನು ಕುಡಿಯಿತು. ಕೃಶವಾದ ದೇಹದಿಂದ ನೀರಿಗಾಗಿ ವೇಗವತಿ ನದಿಗೆ ಇಳಿದಾಗ ಕೆಸರಿನಲ್ಲಿ ಹುಗಿದುಹೋಯಿತು. ಕಮಠನ ಜೀವವಾಗಿದ್ದ ಕುಕ್ಕುಟಸರ್ಪವು ಕಚ್ಚಿದಾಗಲೂ ಸಮಭಾವವನ್ನು ಬಿಡದೆ ಪ್ರಾಣತ್ಯಾಗ ಮಾಡಿ ಸಹಸ್ರಾರ ಕಲ್ಪವನ್ನು ಸೇರಿತು. ಸವದತ್ತಿಯ ರಟ್ಟರ ಆಸ್ಥಾನದ ಪಾರ್ಶ್ವಪಂಡಿತನು 13ನೆಯ ಶತಮಾನದಲ್ಲಿ ಪಾರ್ಶ್ವನಾಥರ ಪುರಾಣವನ್ನು ಕನ್ನಡದಲ್ಲಿ ರಚಿಸಿದ್ದರಿಂದ ಈ ಚರಿತೆ ನಮ್ಮ ನೆರೆಯಲ್ಲಿಯೇ ಬೆಳೆದುದು.

ಇದು ಒಂದೇ ಕಥೆಯಲ್ಲ. ರವಿಷೇಣಾಚಾರ್ಯರ 'ಪದ್ಮಪುರಾಣ'ದಲ್ಲಿ ರಾವಣನು ಹಿಡಿದು ತಂದ ತ್ರಿಲೋಕಮಂಡನವೆಂಬ ಆನೆಯು ಅಯೋಧ್ಯೆಯಲ್ಲಿ ಕಂಬವನ್ನು ಕಿತ್ತು ಓಡಿ, ಭರತನನ್ನು ಕಂಡು ಜಾತಿಸ್ಮರಣೆಯಿಂದ ಶಾಂತವಾಗಿ ವ್ರತಗಳನ್ನು ಧರಿಸುತ್ತದೆ. ಶ್ವೇತಾಂಬರ ಆಗಮವಾದ 'ಜ್ಞಾತಾಧರ್ಮಕಥಾ'ದಲ್ಲಿ ಕಾಡ್ಗಿಚ್ಚಿಗೆ ಹೆದರಿ ಬಂದ ಮೊಲವೊಂದು ಆನೆಯ ಎತ್ತಿದ ಕಾಲಿನ ಕೆಳಗಿನ ಜಾಗದಲ್ಲಿ ಕುಳಿತುಕೊಳ್ಳುತ್ತದೆ. ಮೊಲದ ಪ್ರಾಣ ಉಳಿಸಲು ಆ ಆನೆಯು ಎರಡೂವರೆ ದಿನ ಕಾಲನ್ನು ಊರದೆ ನಿಂತು, ಕೊನೆಗೆ ಕಾಲು ಮರಗಟ್ಟಿ ಬಿದ್ದು ಸಾಯುತ್ತದೆ. ಅದೇ ಜೀವ ಮುಂದೆ ಶ್ರೇಣಿಕ ಮಹಾರಾಜನ ಮಗ ಮೇಘಕುಮಾರನಾಗಿ ಹುಟ್ಟಿ ಮಹಾವೀರ ಸ್ವಾಮಿಯ ಬಳಿ ದೀಕ್ಷೆ ಪಡೆಯುತ್ತದೆ.

ಸಿದ್ಧಾಂತದ ಭಾಷೆಯಲ್ಲಿ ಆನೆಯು ಸಂಜ್ಞಿ ಪಂಚೇಂದ್ರಿಯ ತಿರ್ಯಂಚ. ಅದಕ್ಕೆ ಮನಸ್ಸಿದೆ, ಸಮ್ಯಕ್ತ್ವ ದೊರೆಯಬಲ್ಲುದು, ದೇಶವ್ರತದ ಐದನೆಯ ಗುಣಸ್ಥಾನದವರೆಗೆ ಏರಬಲ್ಲುದು. ವ್ರತವಿಲ್ಲದ ಮನುಷ್ಯ ಶ್ರಾವಕನಿಗಿಂತ ವ್ರತ ಹಿಡಿದ ಆನೆಯು ಗುಣಸ್ಥಾನದಲ್ಲಿ ಮೇಲಿನದು. ಆನೆಯನ್ನು ಇಷ್ಟು ಎತ್ತರದಲ್ಲಿ ಕಂಡ ನಮ್ಮ ಪೂರ್ವಾಚಾರ್ಯರು ಅದನ್ನು ಮೋಕ್ಷಮಾರ್ಗದ ಸಹಯಾತ್ರಿಯೆಂದೇ ಎಣಿಸಿದರು.

ಆನೆಯಿಂದ ಇಳಿಯುವುದು

ಬಾಹುಬಲಿ ಸ್ವಾಮಿಯ ತಪಸ್ಸಿನ ಕಥನದಲ್ಲಿ ಎರಡು ಸಂಪ್ರದಾಯಗಳಿಗೂ ಭೇದವಿದೆ. ಶ್ವೇತಾಂಬರ ಕಥನದಂತೆ, ಒಂದು ವರ್ಷ ನಿಂತರೂ ಕೇವಲಜ್ಞಾನವಾಗದಿದ್ದಾಗ ಸಹೋದರಿಯರಾದ ಬ್ರಾಹ್ಮಿ ಮತ್ತು ಸುಂದರಿ ಬಂದು, ಆನೆಯಿಂದ ಇಳಿದು ಬರುವಂತೆ ಹೇಳುತ್ತಾರೆ. ನೆಲದ ಮೇಲೆ ನಿಂತವನಿಗೆ ಆನೆಯೆಲ್ಲಿಯದು? ತನಗಿಂತ ಮೊದಲು ದೀಕ್ಷೆ ಪಡೆದ ತಮ್ಮಂದಿರಿಗೆ ತಾನು ವಂದಿಸಬೇಕೇ ಎಂಬ ಮಾನಕಷಾಯವೇ ಆ ಆನೆ. ಅದನ್ನು ತಿಳಿದು ಒಂದು ಹೆಜ್ಜೆ ಎತ್ತಿದ ಕ್ಷಣದಲ್ಲಿಯೇ ಜ್ಞಾನೋದಯವಾಯಿತು. ಎಲ್ಲೋರದ ಅಂಗಳದಲ್ಲಿ ಆನೆ ಮತ್ತು ಮಾನಸ್ತಂಭ ಒಟ್ಟಿಗೆ ನಿಂತಿರುವುದನ್ನು ನೆನೆದಾಗಲೆಲ್ಲ ನನಗೆ ಈ ಕಥೆ ನೆನಪಾಗುತ್ತದೆ.

ಇಲ್ಲಿ ನನ್ನದೇ ಒಂದು ಅನುಭವವನ್ನು ನಿವೇದಿಸಬೇಕು. ಸುಮಾರು 35 ವರ್ಷಗಳ ಹಿಂದೆ ನೆರೆಯ ಊರೊಂದರ ಪಂಚಕಲ್ಯಾಣ ಮಹೋತ್ಸವದಲ್ಲಿ ಸೌಧರ್ಮೇಂದ್ರನ ಸವಾಲು ನಮ್ಮ ಮನೆಯ ಪಾಲಿಗೆ ಬಂದಿತು. ಕಿರೀಟ ಧರಿಸಿ ಧರ್ಮಪತ್ನಿಯೊಡನೆ ಆನೆಯನ್ನೇರಿದೆನು. ಬೇಸಿಗೆಯ ಮಧ್ಯಾಹ್ನ, ಡಾಂಬರು ರಸ್ತೆ, ಮುಂದೆ ಬ್ಯಾಂಡು. ಆನೆ ಒಂದೊಂದೇ ಕಾಲನ್ನು ಎತ್ತಿ ಇಡುತ್ತಿದ್ದುದನ್ನು ಕಂಡ ಜನ ಅದು ಕುಣಿಯುತ್ತಿದೆ ಎಂದು ಹೂವು ಎರಚಿದರು, ಮೇಲೆ ಕುಳಿತ ನಾನೂ ಹಾಗೆಯೇ ಭಾವಿಸಿದೆನು. ಸಂಜೆ ಮಾವುತನು ಅದರ ಪಾದಗಳಿಗೆ ಕೊಡಗಟ್ಟಲೆ ನೀರು ಹೊಯ್ಯುತ್ತಿದ್ದನು. ಡಾಂಬರು ಸುಟ್ಟಿದೆ ಎಂದು ಅವನಿಂದ ತಿಳಿಯಿತು. ಸರಪಳಿ ತಗುಲಿ ಕಾಲಿನ ಚರ್ಮ ಸುಲಿದುದನ್ನು ನೋಡಿದವಳು ನನ್ನ ಹೆಂಡತಿ. "ಮ್ಯಾಲ ಕುಂತ ನಮಗ ಪುಣ್ಯ ಬಂತ ಅಂದ್ರು, ಹೊತ್ತ ಇದಕ್ಕ ಏನ ಬಂತ್ರಿ?" ಎಂದು ಕೇಳಿದಳು. ನಾನು ವಾಣಿಜ್ಯ ಓದಿದವನು, ಸವಾಲಿನ ಹಣವನ್ನು ಅಂದು ರಾತ್ರಿಯೇ ಕಿರ್ದಿಯಲ್ಲಿ ಬರೆದೆನು. ಅವಳ ಪ್ರಶ್ನೆಯನ್ನು ಬರೆಯಲು ಅದರಲ್ಲಿ ಮನೆಯಿರಲಿಲ್ಲ.

ಶ್ರಾವಕಾಚಾರದ ಲೆಕ್ಕ

ಆ ಲೆಕ್ಕವನ್ನು ಆಚಾರ್ಯರು ಮೊದಲೇ ಬರೆದಿಟ್ಟಿದ್ದಾರೆ. ಉಮಾಸ್ವಾಮಿಗಳ 'ತತ್ತ್ವಾರ್ಥಸೂತ್ರ'ದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಬಂಧ ಎಂದರೆ ಕಟ್ಟಿಹಾಕುವುದು, ವಧ ಎಂದರೆ ಹೊಡೆಯುವುದು, ಛೇದ ಎಂದರೆ ಅಂಗವನ್ನು ಕೊಯ್ಯುವುದು, ಅತಿಭಾರಾರೋಪಣ ಎಂದರೆ ಮಿತಿಮೀರಿ ಹೊರಿಸುವುದು, ಅನ್ನಪಾನನಿರೋಧ ಎಂದರೆ ಹೊತ್ತಿಗೆ ಆಹಾರ ನೀರು ಕೊಡದಿರುವುದು. ಪಟ್ಟಿಯಲ್ಲಿ ಕಟ್ಟುವುದೇ ಮೊದಲನೆಯದು ಎಂಬುದನ್ನು ಗಮನಿಸಬೇಕು. ಶ್ರಾವಕನಿಗೆ ವರ್ಜ್ಯವಾದ ಹದಿನೈದು ಖರಕರ್ಮಗಳಲ್ಲಿ ದಂತವಾಣಿಜ್ಯವೂ ಸೇರಿದೆ. ಭಾರತದ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದುದು 1972ರಲ್ಲಿ. ಆನೆಯ ದಂತವನ್ನು ಮಾರಿ ಲಾಭ ಗಳಿಸಬಾರದೆಂದು ನಮ್ಮ ಹಿರಿಯರು ಅದಕ್ಕಿಂತ ಅನೇಕ ಶತಮಾನಗಳ ಹಿಂದೆಯೇ ವಿಧಿಸಿದ್ದರು.

ರಬಕವಿ-ಬನಹಟ್ಟಿಗೆ ಸಮೀಪದ ತೇರದಾಳದಲ್ಲಿ ಮಾಂಡಲಿಕ ಗೊಂಕನು 12ನೆಯ ಶತಮಾನದಲ್ಲಿ ಕಟ್ಟಿಸಿದ ಬಸದಿ ನೇಮಿನಾಥರದು. ನೇಮಿನಾಥರಿಗೆ ವೈರಾಗ್ಯ ಉಂಟಾದುದು ಹೇಗೆ? ತಮ್ಮ ಮದುವೆಯ ನಿಮಿತ್ತ ಕೂಡಿಹಾಕಿದ ಪ್ರಾಣಿಗಳ ಕೂಗನ್ನು ಕೇಳಿ. ಉತ್ಸವ ತಮ್ಮದೇ ಆಗಿದ್ದರೂ ಅವರು ರಥವನ್ನು ಹಿಂದಕ್ಕೆ ತಿರುಗಿಸಿದರು.

ನಾಂದಣಿಯ ಪ್ರಸಂಗ

ನಾಂದಣಿಯ ಜಿನಸೇನ ಭಟ್ಟಾರಕ ಸಂಸ್ಥಾನ ಮಠಕ್ಕೆ ಮಹಾರಾಷ್ಟ್ರ ಮತ್ತು ಕರ್ನಾಟಕದ ನೂರಾರು ಹಳ್ಳಿಗಳ ಭಕ್ತರಿದ್ದಾರೆ. ಕರ್ನಾಟಕದಿಂದ ಹೋದ ಮಹಾದೇವಿ 1992ರಿಂದ ಅಲ್ಲಿದ್ದಳು, ಮಾಧುರಿ ಎಂಬ ಹೆಸರೂ ಅವಳಿಗಿತ್ತು. ಅವಳ ಪಾದಗಳ ಹುಣ್ಣು, ಸಂಧಿವಾತ, ಬೆಳೆದ ಉಗುರುಗಳ ಬಗೆಗಿನ ವರದಿಗಳನ್ನು ನೋಡಿ ಮುಂಬಯಿ ಉಚ್ಚ ನ್ಯಾಯಾಲಯವು 2025ರ ಜುಲೈ 16ರಂದು ಸ್ಥಳಾಂತರವನ್ನು ಎತ್ತಿಹಿಡಿಯಿತು. ಧಾರ್ಮಿಕ ಉಪಯೋಗದ ಹಕ್ಕಿಗಿಂತ ಆನೆಯ ನೆಮ್ಮದಿಯ ಬದುಕಿನ ಹಕ್ಕು ಮೇಲೆಂಬುದು ಆ ತೀರ್ಪಿನ ಸಾರ. ಜುಲೈ 28ರಂದು ಸರ್ವೋಚ್ಚ ನ್ಯಾಯಾಲಯವೂ ಅದನ್ನು ಒಪ್ಪಿತು. ಆನೆ ಜಾಮನಗರದ ವನತಾರಾ ಕೇಂದ್ರಕ್ಕೆ ಹೋಯಿತು. ಆಗಸ್ಟ್ 3ರಂದು ಸಾವಿರಾರು ಜನ ನಾಂದಣಿಯಿಂದ ಕೊಲ್ಹಾಪುರದವರೆಗೆ ಮೌನವಾಗಿ ನಡೆದರು. ನಾಂದಣಿಯ ಬಳಿಯಲ್ಲಿಯೇ ಪುನರ್ವಸತಿ ಕೇಂದ್ರವನ್ನು ಸ್ಥಾಪಿಸುವ ಪ್ರಸ್ತಾವವೂ ಅದೇ ತಿಂಗಳಲ್ಲಿ ಮುಂದೆ ಬಂದಿತು.

ಹುಟ್ಟುಕುರುಡರು ಆನೆಯನ್ನು ಮುಟ್ಟಿ ನೋಡಿದ ದೃಷ್ಟಾಂತವು ಬೌದ್ಧರ 'ಉದಾನ'ದಲ್ಲಿದೆ, ಸೂಫಿ ಕವಿ ರೂಮಿಯ 'ಮಸ್ನವಿ'ಯಲ್ಲಿ ಕತ್ತಲೆಯ ಕೋಣೆಯ ಆನೆಯಾಗಿ ಬಂದಿದೆ. ನಮ್ಮಲ್ಲಿ ಅಮೃತಚಂದ್ರಾಚಾರ್ಯರು 'ಪುರುಷಾರ್ಥಸಿದ್ಧ್ಯುಪಾಯ'ದ ಆರಂಭದಲ್ಲಿಯೇ ಈ ದೃಷ್ಟಾಂತವನ್ನು ಸ್ಮರಿಸಿ ಅನೇಕಾಂತಕ್ಕೆ ನಮಸ್ಕರಿಸುತ್ತಾರೆ. ನಾಂದಣಿಯ ವಿಷಯದಲ್ಲಿ ಭಕ್ತರ ಪ್ರೀತಿ ಒಂದು ಸತ್ಯ. 33 ವರ್ಷ ತಮ್ಮ ಕಣ್ಣೆದುರಿಗಿದ್ದ ಜೀವ ಹೋದಾಗ ಅತ್ತವರನ್ನು ಹಳಿಯುವುದು ಅಧರ್ಮ. ವೈದ್ಯರು ಕಂಡ ಪಾದದ ಹುಣ್ಣು ಇನ್ನೊಂದು ಸತ್ಯ. ಕಾನೂನು, ಪರಂಪರೆ, ಸಮಾಜದ ಅಭಿಮಾನ ಇವೂ ಒಂದೊಂದು ನಯ. ಆದರೆ ಆ ದೃಷ್ಟಾಂತದಲ್ಲಿ ಎಲ್ಲರೂ ಮುಟ್ಟಿದರು, ಎಲ್ಲರೂ ವಾದಿಸಿದರು, ನಡುವೆ ಆನೆ ಸುಮ್ಮನೆ ನಿಂತಿತ್ತು. ಅದರ ನೋವನ್ನು ಎಣಿಸದ ಅನೇಕಾಂತವು ಪೂರ್ಣವಾಗಲಾರದು.

ಟ್ರಸ್ಟಿಗಳಲ್ಲಿ ವಿನಂತಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಬಸದಿಗಳ ಟ್ರಸ್ಟಿಗಳು ಮುಂದಿನ ಪಂಚಕಲ್ಯಾಣದ ಸಭೆಯಲ್ಲಿ ಈ ವಿಷಯವನ್ನು ಶಾಂತವಾಗಿ ಚರ್ಚಿಸಬೇಕೆಂದು ನನ್ನ ವಿನಂತಿ. ಐರಾವತವು ದೇವನು ತಾಳಿದ ರೂಪವೆಂದ ಮೇಲೆ ಮರದ ಐರಾವತ, ರಥದ ಮೇಲಿನ ಐರಾವತ ಆಗಮಕ್ಕೆ ವಿರುದ್ಧವಾಗುವುದಿಲ್ಲ. ಕೇರಳದ ತ್ರಿಶೂರು ಜಿಲ್ಲೆಯ ದೇವಾಲಯವೊಂದು 2023ರಲ್ಲಿ ಯಾಂತ್ರಿಕ ಆನೆಯನ್ನು ಉತ್ಸವಕ್ಕೆ ತಂದಿತು, ನಮ್ಮ ರಾಜ್ಯದ ಸುತ್ತೂರು ಮಠದಲ್ಲಿಯೂ ಅಂಥದೊಂದು ಬಂದಿದೆ. ಸೌಧರ್ಮೇಂದ್ರನ ಸವಾಲು ನಿಲ್ಲಬೇಕಾಗಿಲ್ಲ. ಆ ಹಣದ ಒಂದು ಪಾಲು ರೋಗಿ ಆನೆಗಳ ಚಿಕಿತ್ಸೆಗೆ ಹೋಗಲಿ. 2025ರಲ್ಲಿ ಪ್ರಕಟವಾದ ಗಣತಿಯಂತೆ ದೇಶದ 22,446 ಕಾಡಾನೆಗಳಲ್ಲಿ 6,013 ನಮ್ಮ ಕರ್ನಾಟಕದಲ್ಲಿಯೇ ಇವೆ. ದಾನಕ್ಕೆ ಪಾತ್ರವಿಲ್ಲವೆಂದು ಯಾರೂ ಹೇಳಲಾರರು. ಪಾಠಶಾಲೆಯ ಮಕ್ಕಳಿಗೆ ಐರಾವತದ ಚಿತ್ರದ ಜೊತೆಗೆ ವಜ್ರಘೋಷನ ಕಥೆಯನ್ನೂ ಹೇಳಿಕೊಡೋಣ.

ಅಜಿತನಾಥರ ಪೀಠದ ಮೇಲಿನ ಆನೆಯನ್ನು ಇನ್ನೊಮ್ಮೆ ನೋಡಿರಿ. ಅದರ ಮೇಲೆ ಅಂಬಾರಿಯಿಲ್ಲ, ಸವಾರನಿಲ್ಲ, ಕಾಲಿಗೆ ಸರಪಳಿಯಿಲ್ಲ. ಜಿನನ ಪಾದದ ಬಳಿ ಅದು ತಾನೇ ಬಂದು ನಿಂತಂತೆ ನಿಂತಿದೆ. ಹೆಂಡತಿಯ ಅಂದಿನ ಪ್ರಶ್ನೆಗೆ ನಾನು ಕೊಡಬೇಕಾಗಿದ್ದ ಉತ್ತರ ಅಲ್ಲಿಯೇ ಇದ್ದಿತು. ಅದನ್ನು ಓದಲು ನನಗೆ ಇಷ್ಟು ವರ್ಷ ಬೇಕಾಯಿತು.